ಭುರ್ರಣ್ಣನ ಮೀಸೆ

ಭುರ್ರಣ್ಣ ಗಂಡಸಲ್ಲ. ಅವನಿಗೆ ಮೀಸೆ ಇರಲಿಲ್ಲ. ಮೀಸೆ ಬರೆದವನು ನಾನು — ಗೊತ್ತಿದ್ದೂ, ಬೇಕೆಂದೇ, ಒಬ್ಬಳ ಮುಖವನ್ನು ರಬ್ಬರಿನಿಂದ ಅಳಿಸಿ ಅದರ ಮೇಲೆ ಬರೆದೆ. ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲದೆ ಹೋದೀತು — ನನಗೆ ಬೈಕು ಬಿಡಲು ಬರುವುದಿಲ್ಲ. ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ವಾರಪತ್ರಿಕೆಯ ಕೊನೆಯ ಪುಟದಲ್ಲಿ ವರ್ಷಗಟ್ಟಲೆ ಬಂದ ‘ಭುರ್ರಣ್ಣ’ ಚಿತ್ರಕಥೆಯನ್ನು ಓದಿ ಬೆಳೆದವರು ಈ ಕರಾವಳಿಯಲ್ಲಿ ಬಹಳ ಮಂದಿ ಇದ್ದೀರಿ. ಕೆಂಪು ಟ್ಯಾಂಕಿನ ಬೈಕು, ಬಿಳಿ ಹೆಲ್ಮೆಟ್ಟು, ಹಿಂದೆ ಕಟ್ಟಿದ ಮೀನಿನ ಪೆಟ್ಟಿಗೆ, ವಾರಕ್ಕೊಂದು ಪೇಚಾಟ. ಅವೆಲ್ಲ ಈಗ ಒಟ್ಟಾಗಿ ಪುಸ್ತಕವಾಗುತ್ತಿವೆ. ‘ಭುರ್ರಣ್ಣ ಹುಟ್ಟಿದ್ದು ಹೇಗೆ’ ಎಂದು ಮೊದಲಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಪ್ರಕಾಶಕರು ಕೇಳಿದ್ದಾರೆ. ಇದಕ್ಕೆ ನನ್ನಲ್ಲಿ ಒಂದು ಸಿದ್ಧ ಉತ್ತರವಿದೆ. ಶಾಲೆಗಳಲ್ಲಿ, ಸನ್ಮಾನದ ವೇದಿಕೆಗಳಲ್ಲಿ ಹೇಳಿ ಹೇಳಿ ಅದು ನುಣುಪಾಗಿದೆ — ಹರೆಯದಲ್ಲಿ ಗೆಳೆಯನ ಬೈಕು ಹತ್ತಿ ಕುಮಟೆಯಿಂದ ಭಟ್ಕಳದವರೆಗೆ ಸುತ್ತುತ್ತಿದ್ದೆ, ಕಂಡದ್ದನ್ನೆಲ್ಲ ಬರೆದೆ. ಜನ ಚಪ್ಪಾಳೆ ಹೊಡೆಯುತ್ತಾರೆ. ಕುಮಟೆಯಲ್ಲಿ ಒಮ್ಮೆ ಬೈಕು ಓಡಿಸುವ ಹುಡುಗರು ತಮ್ಮ ಮೆರವಣಿಗೆಗೆ ಬಾವುಟ ತೋರಿಸಲು ಕರೆದಿದ್ದರು. ಬಾವುಟವನ್ನೇನೋ ತೋರಿಸಿದೆ. ಆಮೇಲೆ “ಸರ್, ಒಂದು ರೌಂಡು ನೀವೇ ಹೊಡೀರಿ” ಎಂದು ಕೀಲಿಕೈ ಕೈಗಿಟ್ಟರು. ಬೆನ್ನುನೋವು ಎಂದೆ. ಅವರ ಕಣ್ಣಿಂದ ಮರೆಯಾಗುವವರೆಗೂ ಸೊಂಟ ಹಿಡಿದುಕೊಂಡೇ ನಡೆಯಬೇಕಾಯಿತು.

ನೀವು ನಗಬಹುದು. ನಾನೂ ನಕ್ಕಿದ್ದೇನೆ. ಆದರೆ ಆ ಸುಳ್ಳಿನ ಕೆಳಗೆ ಇನ್ನೊಂದಿದೆ — ಅದಕ್ಕೆ ನಗು ಬರುವುದಿಲ್ಲ.

ನನ್ನ ಊರು ಹಿರೇಗುತ್ತಿ. ಓದು ತಲೆಗೆ ಹತ್ತದೆ ಹೊನ್ನಾವರದ ಸೋದರಮಾವನ ಮನೆ ಸೇರಿದ್ದೆ. ಬಜಾರಿನಲ್ಲಿ ಮಾವನದು ಬಟ್ಟೆ ಅಂಗಡಿ, ಅದರ ಮಗ್ಗುಲಿನ ಜಗಲಿಯಲ್ಲಿ ನನ್ನದು ಬಣ್ಣದ ಡಬ್ಬಿಗಳು. ಗಾಡಿಗಳಿಗೆ ನಂಬರ್ ಪ್ಲೇಟು ಬರೆಯುತ್ತಿದ್ದೆ. ಶರಾವತಿಯಾಚೆಯ ಕಾಸರಕೋಡಿಗೆ ಹೋಗಿ ದೋಣಿಗಳ ಮೂತಿಯ ಮೇಲೆ ಹೆಸರು ಬರೆಯುತ್ತಿದ್ದೆ. ಮಂಕಿ, ಭಟ್ಕಳದ ಅಂಗಡಿಗಳಿಗೆ ಬೋರ್ಡು. ನಡುನಡುವೆ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಕಳಿಸುತ್ತಿದ್ದೆ, ಅವು ಮರ್ಯಾದೆಯಿಂದ ವಾಪಸು ಬರುತ್ತಿದ್ದವು.

ಕಾಸರಕೋಡಿನಲ್ಲೇ ಮಾದೇವಿ ಸಿಕ್ಕಿದ್ದು. ಅವಳ ಅಪ್ಪ ಬೈಕಿನ ಮೇಲೆ ಮೀನು ಮಾರುತ್ತಿದ್ದವರು. ದೋಣಿಯಿಂದ ಮೀನು ಇಳಿಸುವಾಗ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು. ಅಣ್ಣ ಗೋವೆಯ ಕಡೆ ಬೋಟಿನಲ್ಲಿದ್ದ. ಹೆಂಗಸರು ಬುಟ್ಟಿ ತಲೆಯ ಮೇಲೆ ಹೊತ್ತು ಮನೆಮನೆಗೆ ನಡೆದು ಮಾರುವುದು, ಗಂಡಸರು ಗಾಡಿಯ ಮೇಲೆ ದೂರದ ಊರಿಗೆ ಒಯ್ಯುವುದು — ಅಲ್ಲಿನ ಕ್ರಮ ಅದು. ಮಾದೇವಿ ಅಪ್ಪನ ಖಾಕಿ ಅಂಗಿ, ಅಣ್ಣನ ಪ್ಯಾಂಟು ತೊಟ್ಟು, ಮುಂಬಯಿಯಿಂದ ಯಾರೋ ತಂದುಕೊಟ್ಟಿದ್ದ ಬಿಳಿ ಹೆಲ್ಮೆಟ್ಟು ಹಾಕಿ, ಬೈಕು ಹತ್ತಿಬಿಟ್ಟಳು. ಊರಿನವರಿಗೆ ಗೊತ್ತಿತ್ತು, ಗೊಣಗುತ್ತಿದ್ದರು. ರಸ್ತೆಯವರಿಗೆ ಗೊತ್ತಿರಲಿಲ್ಲ.

ದೋಣಿಗೆ ಹೆಸರು ಬರೆಯುತ್ತಿದ್ದ ನನ್ನ ಮುಂದೆ ಹೊಸ ಮೀನಿನ ಪೆಟ್ಟಿಗೆಯೊಂದನ್ನು ತಂದಿಟ್ಟು, ಇದರ ಮೇಲೂ ಏನಾದರೂ ಬರೆದುಕೊಡಿ ಎಂದಳು. ಎಂತ ಬರೆಯಲಿ ಎಂದೆ.

“ಎಂತಾರೂ ಬರೀರಿ, ಪೇಂಟ್ರೇ. ‘ಮೀನು’ ಅಂತ ಮಾತ್ರ ಬೇಡ. ನಮ್ ಬದಿ ನಾಯಿಗೆ ಓದೂಕೆ ಬತ್ತದೆ.”

ನಾನು ದಪ್ಪ ಅಕ್ಷರದಲ್ಲಿ ‘ಭುರ್ರ್’ ಎಂದು ಬರೆದೆ. ಅವಳು ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಜೋರಾಗಿ ನಕ್ಕಳು. ಭುರ್ರಣ್ಣ ಹುಟ್ಟಿದ್ದು ಹಾಗೆ.

ಕೆಲವು ದಿನ ಕಳೆದು ಮಂಕಿಯಲ್ಲಿ ಬೋರ್ಡು ಬರೆದು ಮುಗಿಸುವ ಹೊತ್ತಿಗೆ ಬಸ್ಸು ತಪ್ಪಿತು. ರಸ್ತೆಯ ಬದಿಯಲ್ಲಿ ಬಣ್ಣದ ಡಬ್ಬಿ ಹಿಡಿದು ನಿಂತಿದ್ದೆ. ಭಟ್ಕಳದಿಂದ ಪೆಟ್ಟಿಗೆ ಖಾಲಿ ಮಾಡಿಕೊಂಡು ಬರುತ್ತಿದ್ದವಳು ನಿಲ್ಲಿಸಿದಳು. “ಹತ್ತಿ” ಎಂದಳು, ಅಷ್ಟೇ. ಹಿಂದೆ ಪೆಟ್ಟಿಗೆ, ಮುಂದೆ ಅವಳು, ನಡುವೆ ನಾನು. ಒಣಗಿದ ಬಂಗಡೆಯ ವಾಸನೆ, ಪೆಟ್ರೋಲಿನ ವಾಸನೆ, ಬಟ್ಟೆ ಸೋಪಿನ ವಾಸನೆ. ಗಾಳಿಗೆ ಬಿಚ್ಚಿಹೋಗದಂತೆ ಜಡೆಯನ್ನು ಅಂಗಿಯ ಕಾಲರಿನೊಳಗೆ ತುರುಕಿದ್ದಳು. ಹೆಲ್ಮೆಟ್ಟಿಗೂ ಕಾಲರಿಗೂ ನಡುವೆ ಕುತ್ತಿಗೆಯ ಒಂದಿಷ್ಟು ಜಾಗ — ಬಿಸಿಲಿಗೆ ಕಪ್ಪಾಗಿ, ಉಪ್ಪಿನ ಗಾಳಿಗೆ ಹೊಳೆಯುತ್ತ — ಇಷ್ಟು ವರ್ಷದ ಮೇಲೂ ಕಣ್ಣು ಮುಚ್ಚಿ ಬರೆಯಬಲ್ಲೆ.

ಆಮೇಲೆ ಬಸ್ಸು ತಪ್ಪುವುದು ನನಗೆ ರೂಢಿಯಾಯಿತು. ಮಂಕಿಯಲ್ಲಿ, ಭಟ್ಕಳದಲ್ಲಿ ಇಲ್ಲದ ಕೆಲಸವನ್ನೂ ಹುಡುಕಿಕೊಂಡು ಹೋದೆ. ಅವಳು ಗಾಡಿ ಬಿಡುತ್ತ ದಿನದ ಸಂಗತಿಗಳನ್ನೆಲ್ಲ ಕೂಗಿ ಹೇಳುತ್ತಿದ್ದಳು. ಹೆದ್ದಾರಿಯ ನಡುವೆ ಮಲಗಿ ಏಳದ ಎಮ್ಮೆ, ಲೈಸೆನ್ಸು ಕೇಳಲು ಬಂದು ಬಂಗಡೆ ಕೇಳಿಕೊಂಡು ಹೋದ ಪೊಲೀಸು, ಮದುವೆ ಮನೆಗೆ ಒಯ್ಯುತ್ತಿದ್ದ ದೊಡ್ಡ ಇಸವಾಣ ಮೀನು ತಿರುವಿನಲ್ಲಿ ಜಾರಿಬಿದ್ದು ನಾಯಿಗಳ ಮೆರವಣಿಗೆ ಹೊರಟದ್ದು. ಅರ್ಧ ಮಾತು ಗಾಳಿಗೆ ಹೋಗುತ್ತಿತ್ತು. ಆ ಅರ್ಧವನ್ನು ನಾನು ಕಟ್ಟಿಕೊಂಡು ಚಿತ್ರ ಬರೆದೆ. ಮೊದಲ ಬಾರಿ ಪತ್ರಿಕೆಯಿಂದ ನನ್ನ ಚಿತ್ರ ವಾಪಸು ಬರಲಿಲ್ಲ.

ಭುರ್ರಣ್ಣನನ್ನು ಯಾವಾಗಲೂ ಹಿಂದಿನಿಂದಲೇ ತೋರಿಸುವ ನನ್ನ ‘ಶೈಲಿ’ಯನ್ನು ಬಲ್ಲವರು ಬಹಳ ಹೊಗಳಿದ್ದಾರೆ. ಓದುಗನನ್ನೇ ಗಾಡಿಗೆ ಹತ್ತಿಸುವ ಕಲೆ ಎಂದು ಬರೆದರು. ಕಲೆಯೂ ಇಲ್ಲ, ಎಂತದೂ ಇಲ್ಲ. ನನಗೆ ಕಾಣುತ್ತಿದ್ದದ್ದೇ ಅಷ್ಟು. ಗಾಡಿಯ ಮುಂದೆ ಏನೇನಿರುತ್ತದೆ ಎಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಲೋಕ ಆ ಖಾಕಿ ಬೆನ್ನಿನ ಎಡಕ್ಕೂ ಬಲಕ್ಕೂ ಓಡುವ ತೆಂಗಿನ ಮರಗಳಷ್ಟೇ ಆಗಿತ್ತು — ಆ ಲೋಕ ಸಾಕೂ ಆಗಿತ್ತು.

ಅಚ್ಚಾದ ಮೊದಲ ಚಿತ್ರವನ್ನು ತೋರಿಸಿದಾಗ ಅವಳು ಬಹಳ ಹೊತ್ತು ನೋಡಿದಳು.

“ಇದು ನಾನೇ ಹೌದು. ಮತ್ತೆ ಅಣ್ಣ ಎಂತಕ್ಕೆ ಆದೆ?”

“ಹೆಲ್ಮೆಟ್ ಅದ್ಯಲ” ಎಂದೆ. “ಒಳಗೆ ಯಾರಿದ್ರೂ ಆತು.”

“ಒಂದಲ್ಲ ಒಂದಿವ್ಸ ತೆಗಿತ್ರಿ, ಅಲ್ದಾ?”

“ತೆಗಿತೆ” ಎಂದೆ. ಮಾತು ಕೊಡುವುದು ಎಷ್ಟು ಸುಲಭ!

ಅವಳಿಗೆ ಅದು ತಮಾಷೆಯ ಮಾತಾಗಿರಲಿಲ್ಲ ಎಂದು ನನಗೆ ಗೊತ್ತಾಗುತ್ತ ಹೋಯಿತು. ಭಟ್ಕಳದಲ್ಲಿ ಒಂದು ದೊಡ್ಡ ಮನೆಗೆ ಅವಳು ಮೀನು ಕೊಡುತ್ತಿದ್ದಳು. ಗಂಡಾಳು ಬಂದಿದ್ದಾನೆಂದುಕೊಂಡು ಆ ಮನೆಯ ಅಜ್ಜಿ ಪರದೆಯ ಹಿಂದೆಯೇ ನಿಂತು ತಮ್ಮ ನವಾಯತಿ ಭಾಷೆಯಲ್ಲಿ ಚೌಕಾಸಿ ಮಾಡುತ್ತಿದ್ದರು. ಒಂದು ದಿನ ಸೆಖೆ ತಾಳಲಾರದೆ ಇವಳು ಹೆಲ್ಮೆಟ್ಟು ತೆಗೆದಳು. ಅಜ್ಜಿ ಪರದೆ ಸರಿಸಿ ಹೊರಗೆ ಬಂದು, ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ಕೈ ಹಿಡಿದು ಒಳಗೆ ಕರೆದೊಯ್ದು ಶರಬತ್ತು ಕುಡಿಸಿದರಂತೆ. ಅದಕ್ಕಿಂತ ಚಂದದ ಕಥೆಯನ್ನು ಅವಳು ನನಗೆ ಹೇಳಿರಲಿಲ್ಲ. ನಾನು ಬರೆದದ್ದು ಮಾತ್ರ — ಭುರ್ರಣ್ಣ ಪರದೆಯ ಹೊರಗೆ ನಿಂತು ಚೌಕಾಸಿ ಮಾಡುತ್ತಿರುವಾಗ ಬೆಕ್ಕು ಮೀನು ಕದ್ದು ಓಡುತ್ತದೆ. ಪತ್ರಿಕೆ ನೋಡಿ ಮಾದೇವಿ ಕೇಳಿದಳು: “ಬೆಕ್ಕು ಎಲ್ಲಿಂದ ಬಂತು, ಪೇಂಟ್ರೇ? ಶರಬತ್ತು ಎಲ್ಲಿ ಹೋತು?”

ಸೇತುವೆಯ ಸಂಗತಿ ಇನ್ನೂ ಕೆಟ್ಟದ್ದು. ಭಟ್ಕಳದ ಕಡೆಯಿಂದ ಬಂದರೆ ಮೊದಲು ಸಿಗುವುದು ಅವಳ ಕಾಸರಕೋಡು, ಆಮೇಲೆ ಶರಾವತಿಯ ಉದ್ದನೆಯ ಸೇತುವೆ, ಅದರಾಚೆ ನನ್ನ ಹೊನ್ನಾವರ. ಸೇತುವೆಯ ಬುಡಕ್ಕೆ ಬರುತ್ತಲೇ ನಾನು ಅವಳ ಭುಜ ತಟ್ಟುತ್ತಿದ್ದೆ.

“ಬ್ರಿಜ್ ದಾಟ್ಸಿ ಬಿಡ್ತೆ, ಕೂತ್ಕಣಿ” ಎನ್ನುತ್ತಿದ್ದಳು.

“ಬೇಡ, ನಡ್ಕಂಡೇ ಹೋತೆ. ಗಾಳಿ ಚಲೋ ಅದೆ.”

ಗಾಳಿ ಚಲೋ ಇತ್ತು, ಸುಳ್ಳಲ್ಲ. ಆದರೆ ಆಚೆ ಬಜಾರಿತ್ತು, ಬಜಾರಿನಲ್ಲಿ ಮಾವನ ಅಂಗಡಿಯಿತ್ತು, ಅಂಗಡಿಯ ಕಟ್ಟೆಯ ಮೇಲೆ ಕಾಸರಕೋಡಿನ ಸುದ್ದಿಯನ್ನೆಲ್ಲ ಬಲ್ಲ ಅವರ ಗೆಳೆಯರಿದ್ದರು — ಹೆಣ್ಣೊಬ್ಬಳ ಹಿಂದೆ ಕೂತು ಬಂದ ಎಂದು ನನ್ನನ್ನು, ಮೀನಿನವಳ ಹಿಂದೆ ಎಂದು ಇನ್ನೂ ಹೆಚ್ಚು... ನನಗೆ ಅಂಜಿಕೆ. ಸಾಮಾನ್ಯವಾದ, ಚಿಲ್ಲರೆ ಅಂಜಿಕೆ. ಅವಳಿಗೆ ಅರ್ಥವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಆಮೇಲೆ ನಾನು ಭುಜ ತಟ್ಟುವ ಮೊದಲೇ ಅವಳೇ ನಿಲ್ಲಿಸುತ್ತಿದ್ದಳು, ತಿರುಗಿ ನೋಡುತ್ತಿರಲಿಲ್ಲ. ನಾನು ಸೇತುವೆಯ ಅರ್ಧದಲ್ಲಿ ನಿಂತು ತಿರುಗಿ ನೋಡುತ್ತಿದ್ದೆ. ಅವಳನ್ನು ಅಷ್ಟು ಇಷ್ಟಪಡುತ್ತಿದ್ದೆ ಎಂದು ಈಗ ಸಲೀಸಾಗಿ ಬರೆಯುತ್ತೇನೆ. ಆಗ ಬಾಯಿ ಬರಲಿಲ್ಲ.

ಮಾದೇವಿಯ ಅಣ್ಣ ಗೋವೆಯಿಂದ ಮರಳಿದ. ಬೈಕು ತನಗೆ ಬೇಕು, ತಂಗಿ ಗಾಡಿ ಬಿಟ್ಟದ್ದು ಸಾಕು, ಊರಿನವರೆದುರು ತಲೆ ಎತ್ತುವ ಹಾಗಿಲ್ಲ ಎಂದು ಪಟ್ಟು ಹಿಡಿದ. ಅದೇ ಹೊತ್ತಿಗೆ ಪತ್ರಿಕೆಯವರು ದೀಪಾವಳಿಯ ಸಂಚಿಕೆಗೆ ಒಂದು ಉಪಾಯ ಹೂಡಿದರು: ಆ ಸಂಚಿಕೆಯಲ್ಲಿ ಭುರ್ರಣ್ಣ ಹೆಲ್ಮೆಟ್ಟು ತೆಗೆಯುತ್ತಾನೆ! ಅಷ್ಟು ಹೊತ್ತಿಗೆ ಅವನ ಮುಖ ಹೇಗಿರಬಹುದೆಂದು ಊರೂರಲ್ಲಿ ಮಾತಾಗಿತ್ತು. ಹೇರ್ ಕಟಿಂಗ್ ಅಂಗಡಿಗಳಲ್ಲಿ ಬಾಜಿ ಕಟ್ಟುತ್ತಿದ್ದರು.

ಸುದ್ದಿ ಕೇಳಿ ಮಾದೇವಿ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದಳು. ಹೆಲ್ಮೆಟ್ಟು ತೆಗೆದು ನನ್ನ ಕಡೆ ಪೂರಾ ತಿರುಗಿದಳು.

“ಈಗ ತೋರ್ಸಿ. ನಮ್ಮಣ್ಣನೂ ಓದ್ತ ನಿಮ್ಮ ಭುರ್ರಣ್ಣನ. ಓದಿ ಹೊಟ್ಟೆ ಹಿಡ್ಕಂಡು ನಗ್ತ. ಅದು ನಾನು ಅಂತ ಪೇಪರಲ್ಲೇ ಬಂದ್ರೆ ಗಾಡಿ ಕೊಡು ಅಂತ ಹ್ಯಾಂಗೆ ಹೇಳ್ತ? ಊರಿನವ್ರು ಹ್ಯಾಂಗೆ ಹೇಳ್ತ್ರು?”

ಎಷ್ಟು ಸರಿಯಾಗಿ ಯೋಚಿಸಿದ್ದಳು! ಇಡೀ ಕರಾವಳಿ ಪ್ರೀತಿಯಿಂದ ಓದುವ ಭುರ್ರಣ್ಣನೇ ಆದವಳನ್ನು ಗಾಡಿಯಿಂದ ಇಳಿಸುವ ಧೈರ್ಯ ಯಾರಿಗಿರುತ್ತಿತ್ತು? ನಾನು “ಆತು” ಎಂದೆ. ಎರಡು ಸಲ ಹೇಳಿದೆ.

ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಕೂತು ಅವಳ ಮುಖವನ್ನೇ ಬರೆದೆ. ಪೆನ್ಸಿಲಿನಲ್ಲಿ. ಬೆವರಿಗೆ ಹಣೆಗಂಟಿದ ಕೂದಲು, ಮುಂದಿನ ಹಲ್ಲೊಂದು ಇನ್ನೊಂದರ ಮೇಲೆ ಸ್ವಲ್ಪ ಏರಿದ್ದು, ಜಡೆ ಕಾಲರಿನಿಂದ ಹೊರಗೆ ಬರುತ್ತಿರುವುದು. ನನ್ನ ಕೈಯಿಂದ ಅಷ್ಟು ಒಳ್ಳೆಯ ಮುಖ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಇಂಕು ಹಾಕಲು ಕುಂಚ ಅದ್ದಿದೆ. ಕೆಳಗೆ ಅಂಗಡಿಯಲ್ಲಿ ಮಾವ ಯಾರೊಡನೆಯೋ ನಗುತ್ತಿದ್ದುದು ಕೇಳಿಸಿತು. ಈ ಮುಖ ಅಚ್ಚಾದರೆ ಬಜಾರಿಗೆ ಬಜಾರೇ ಕೇಳುತ್ತದಲ್ಲ, ಇವನಿಗೆ ಇವಳು ಹೇಗೆ ಗೊತ್ತು, ಇಷ್ಟು ದಿನ ಇವನು ಎಲ್ಲಿ ಕೂತಿದ್ದ...

ಕುಂಚ ಕೆಳಗಿಟ್ಟು ರಬ್ಬರು ತೆಗೆದುಕೊಂಡೆ.

ಪತ್ರಿಕೆಯವರು ಒಪ್ಪುತ್ತಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಾನು ಅವರನ್ನು ಕೇಳಿಯೇ ಇರಲಿಲ್ಲ. ಖಾಲಿಯಾದ ಜಾಗಕ್ಕೆ ಒಂದು ಗಂಡು ಮುಖ ಬೇಕಿತ್ತು, ನೋಡದೆಯೇ ಬರೆಯಲು ಬರುತ್ತಿದ್ದ ಗಂಡು ಮುಖ ಒಂದೇ — ದಿನಾ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಾಣುವುದು. ನನ್ನ ಮೂಗು, ನನ್ನ ಕಿವಿ. ಅಷ್ಟಕ್ಕೇ ಬಿಟ್ಟರೆ ನನ್ನದೇ ಎಂದು ಗೊತ್ತಾದೀತೆಂದು ಒಂದು ದಪ್ಪ ಮೀಸೆ.

ಅವಳು ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದಳು. ಈ ಸಲದ ಪೇಪರು ನೋಡಿ ಎಂದು ಅಣ್ಣನಿಗೆ, ಅಪ್ಪನಿಗೆ, ನೆರೆಕೆರೆಯವರಿಗೆ. ಮೀನು ಒಣಗಿಸುವ ಜಾಗದಲ್ಲಿ ಎಲ್ಲ ಸುತ್ತ ನಿಂತಿದ್ದಾಗ ಅವಳೇ ಕೊನೆಯ ಪುಟ ತೆರೆದಳಂತೆ. ಜನ ಎಷ್ಟು ನಕ್ಕರೋ — ನನಗೆ ಹೇಳಿದವರು ಕೂಡ ಹೇಳುತ್ತ ನಗುತ್ತಿದ್ದರು. ಅಣ್ಣ ಆವತ್ತೇ ಬೈಕು ತೆಗೆದುಕೊಂಡ. ಒಂದು ಮಳೆಗಾಲ ಓಡಿಸಿ ಗುಜರಿಗೆ ಹಾಕಿದ.

ಒಂದು ಬೆಳಿಗ್ಗೆ ಮಾದೇವಿ ಸೀರೆಯುಟ್ಟು, ತಲೆಯ ಮೇಲೆ ಬುಟ್ಟಿ ಹೊತ್ತು, ಸೇತುವೆ ನಡೆದು ದಾಟಿ ಹೊನ್ನಾವರದ ಬಜಾರಿಗೆ ಬಂದಳು. ನನ್ನ ಜಗಲಿಯ ಮುಂದೆ ಬುಟ್ಟಿ ಇಳಿಸಿದಳು. ನಾನು ಬೈಗುಳಕ್ಕೆ ಕಾದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

“ಮೀಸೆ ಚಲೋ ಬಂದದೆ, ಪೇಂಟ್ರೇ” ಎಂದಳು.

ಬುಟ್ಟಿ ಎತ್ತಿಕೊಂಡು ಹೋದಳು. ಅಷ್ಟೇ. ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದೇ ಆಗಿ ಎಷ್ಟೋ ವರ್ಷ ಉಳಿಯಿತು.

ಜನ ಆ ಮೀಸೆಯನ್ನು ತಲೆಯ ಮೇಲೆ ಹೊತ್ತುಕೊಂಡರು. ಅದು ನನ್ನದೇ ಮುಖವೆಂದು ಗುರುತಿಸಲು ಅವರಿಗೆ ವಾರವೂ ಬೇಕಾಗಲಿಲ್ಲ. ಬಸ್ಸಿನಲ್ಲಿ “ಭುರ್ರಣ್ಣ ಬಂದ, ಜಾಗ ಬಿಡಿ” ಎಂದರು. ನಾನೂ ಮೀಸೆ ಬಿಟ್ಟೆ. ನಾಚಿಕೆಯ ಸಂಗತಿ ಇದು — ಚಿತ್ರಕ್ಕೆ ಸರಿಹೊಂದಲೆಂದು ಬಿಟ್ಟ ಮೀಸೆ. ಮಾವ ಗೆಳೆಯರೆದುರು ಬೆನ್ನು ತಟ್ಟಿದರು. ಬಣ್ಣದ ಡಬ್ಬಿ ಬಿಟ್ಟು ಪೂರಾ ಚಿತ್ರಕ್ಕೇ ಇಳಿದೆ, ಹೆಸರಾಯಿತು, ಶಾಲು ಹಾರಗಳಾದವು. ಕಥೆಗಳು ಮಾತ್ರ ಮುಗಿದುಹೋಗಿದ್ದವು. ಅವಳು ಗಾಳಿಯಲ್ಲಿ ಕೂಗಿದ್ದನ್ನೇ ತಿರುವಿ ತಿರುವಿ ಬರೆದೆ. ಅದೂ ತೀರಿದ ಮೇಲೆ ಬೆಕ್ಕುಗಳನ್ನು ಬರೆದೆ. ನಮ್ಮ ಭುರ್ರಣ್ಣ ಮೊದಲಿನಂತಿಲ್ಲ ಎಂದು ಕೆಲವು ಓದುಗರು ಬರೆದರು. ಅವರು ಹೇಳಿದ್ದು ಸರಿ.

ಆದರೂ ಬಿಡಲಾಗಲಿಲ್ಲ. ಮುಖ ತೋರಿಸಿ ಆದ ಮೇಲೂ ಅವನನ್ನು ಹಿಂದಿನಿಂದಲೇ ಬರೆದೆ. ಯಾಕೆಂದು ಸಂಪಾದಕರು ಕೇಳಿದರೆ ಶೈಲಿ ಎಂದೆ. ವಾರಕ್ಕೊಮ್ಮೆ ಆ ಖಾಕಿ ಬೆನ್ನು, ಆ ಕುತ್ತಿಗೆ, ಕಾಲರಿನೊಳಗೆ ಹೋದ ಜಡೆಯ ಉಬ್ಬು — ಹೌದು, ಜಡೆಯ ಉಬ್ಬನ್ನು ಒಂದು ವಾರವೂ ಬಿಟ್ಟಿಲ್ಲ. ಹಳೆಯ ಸಂಚಿಕೆ ಇದ್ದವರು ತೆಗೆದು ನೋಡಿ. ಮೀಸೆ ಹೊತ್ತ ಭುರ್ರಣ್ಣನ ಬೆನ್ನಿನ ಮೇಲೆ ಅದು ಇದ್ದೇ ಇದೆ. ನಾನು ಮದುವೆಯಾಗಲಿಲ್ಲ. ಅದನ್ನು ಯಾರೂ ತ್ಯಾಗವೆಂದು ತಿಳಿಯಬೇಡಿ. ಅವಳ ಹಿಂದೆ ಕೂತು ಸೇತುವೆ ದಾಟಲು ಅಂಜಿದವನಿಗೆ ಆ ಮಾತು ದೊಡ್ಡದು.

ಕಳೆದ ತಿಂಗಳು ಕಾಸರಕೋಡಿಗೆ ಹೋದೆ. ಹೆಸರು ಹಾಕಿ ಬರೆಯಲು ಅವಳ ಒಪ್ಪಿಗೆ ಬೇಕಿತ್ತು. ಮರಳಿನ ಮೇಲೆ ಬಲೆ ಹಾಸಿ ಮೀನು ಹರವುತ್ತಿದ್ದಳು. ಕೂದಲು ಬೆಳ್ಳಗಾಗಿದೆ. ಗುಡಿಸಲಿನ ನೆರಳಲ್ಲಿ ಅವಳದೇ ಒಂದು ಸ್ಕೂಟರು ನಿಂತಿತ್ತು. ಈಗ ಅಲ್ಲಿನ ಹೆಂಗಸರು ಎಷ್ಟೋ ಮಂದಿ ಸ್ಕೂಟರಿನಲ್ಲೇ ಮೀನು ಒಯ್ಯುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಅವಳು ನನ್ನ ಬೋಳಿಸಿದ ಮೇಲ್ದುಟಿಯನ್ನು ನೋಡಿದಳು.

“ಮೀಸೆ ಎಂತ ಆತು?”

ತೆಗೆದೆ ಎಂದೆ. ಬಂದ ಕಾರಣ ಹೇಳಿದೆ. ಎಲ್ಲ ಬರೆಯುತ್ತೇನೆ, ಪುಸ್ತಕದ ಮೇಲೆ ನಿನ್ನ ಮುಖ ಹಾಕುತ್ತೇನೆ, ಈಗಲಾದರೂ ಹೆಲ್ಮೆಟ್ಟು ತೆಗೆಯುತ್ತೇನೆ ಎಂದೆ. ಬರುವ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಅದು. ಅವಳು ಮೀನು ಮಗುಚುವುದನ್ನು ನಿಲ್ಲಿಸಲಿಲ್ಲ.

“ಹೆಸ್ರು ಬೇಕಾರೆ ಬರೀರಿ. ಮುಖ ಬೇಡ. ಆವತ್ತಿನ ಮುಖಕ್ಕೆ ಗಾಡಿ ಸಿಕ್ತಿತ್ತು. ಈಗಿನ ಮುಖಕ್ಕೆ ಎಂತ ಸಿಕ್ತದೆ?”

ಹಾಗಾದರೆ ಹೆಲ್ಮೆಟ್ಟು ಇರಲಿ, ಜಡೆಯನ್ನಾದರೂ ಕಾಲರಿನಿಂದ ಹೊರಗೆ ಹಾಕಿ ಬರೆಯಲೇ ಎಂದೆ.

“ಗಾಡಿ ಚೈನಿಗೆ ಸಿಕ್ತದೆ, ಪೇಂಟ್ರೇ” ಎಂದಳು. ನಕ್ಕಳು. ಒಂದು ಹಲ್ಲು ಇನ್ನೊಂದರ ಮೇಲೆ ಹಾಗೇ ಏರಿಕೊಂಡಿದೆ.

ಆದ್ದರಿಂದ ಪುಸ್ತಕದ ಮುಖಪುಟದಲ್ಲಿ ಯಾವ ಮುಖವೂ ಇಲ್ಲ. ಖಾಕಿ ಬೆನ್ನು, ಬಿಳಿ ಹೆಲ್ಮೆಟ್ಟು, ಎದುರಿಗೆ ಸೇತುವೆ. ಆ ದೀಪಾವಳಿಯ ಪುಟವನ್ನು ತೆಗೆಯಬೇಡಿ, ತಿದ್ದಬೇಡಿ ಎಂದು ಪ್ರಕಾಶಕರಿಗೆ ಹೇಳಿದ್ದೇನೆ. ಅದರ ಕೆಳಗೆ ಒಂದೇ ಸಾಲು ಅಚ್ಚಾಗುತ್ತದೆ: ‘ಈ ಮುಖ ಹಿಂದೆ ಕೂತವನದು. ಗಾಡಿ ಬಿಟ್ಟವಳು ಕಾಸರಕೋಡಿನ ಮಾದೇವಿ.’ ಈ ಮುನ್ನುಡಿ ಓದಿದ ಮೇಲೆ ನನ್ನನ್ನು ಕರೆದು ಶಾಲು ಹೊದಿಸುವವರು ಕಡಿಮೆಯಾದರೆ ನನಗೆ ದೂರಿಲ್ಲ. ಶರಬತ್ತಿನ ಕಥೆಯನ್ನು ಹೊಸದಾಗಿ ಬರೆಯಲು ಕೂತಿದ್ದೇನೆ. ಕೈ ಮೊದಲಿನಂತಿಲ್ಲ, ಆದರೂ ಅಜ್ಜಿಯ ನಗು ಸರಿಯಾಗಿ ಬರುವವರೆಗೆ ಬಿಡುವುದಿಲ್ಲ.

ಆ ದಿನ ಹೊರಡುವಾಗ ಸ್ಕೂಟರಿನ ಕಡೆಗೇ ನೋಡುತ್ತ ನಿಂತಿದ್ದೆ. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಕೊನೆಗೂ ಕೇಳಿದೆ — ನನ್ನನ್ನು ಬ್ರಿಜ್ ದಾಟಿಸಿ ಬಿಡ್ತೀಯಾ, ಬಜಾರಿನವರೆಗೂ, ಅಂಗಡಿಗಳ ಮುಂದಿನಿಂದ?

ಅವಳು ಸ್ಕೂಟರನ್ನು ನೋಡಿದಳು, ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ.

“ನಡ್ಕಂಡೇ ಹೋಗಿ, ಪೇಂಟ್ರೇ. ನಿಮ್ಗೆ ರೂಢಿ ಅದೆ. ಗಾಳಿಯೂ ಚಲೋ ಅದೆ.”

ನಡೆದೆ. ಗಾಳಿ ನಿಜಕ್ಕೂ ಚಲೋ ಇತ್ತು. ಕೆಳಗೆ ಹೊಳೆ ಸಮುದ್ರದ ಕಡೆ ಹೋಗುತ್ತಿತ್ತು, ದೋಣಿಗಳು ಒಳಗೆ ಬರುತ್ತಿದ್ದವು. ಹಿಂದಿನಿಂದ ಗಾಡಿಯ ಸದ್ದು ಕೇಳಿದಾಗಲೆಲ್ಲ ಪಕ್ಕಕ್ಕೆ ಸರಿದು ನಿಂತು ತಿರುಗಿ ನೋಡಿದೆ. ಹೊನ್ನಾವರ ಮುಟ್ಟುವವರೆಗೂ ನೋಡಿದೆ. ಅವಳು ಬರಲಿಲ್ಲ.